ಎಂಟು ತಾಸಿನ ಕಾಕಾ

ಹೋದ ತಿಂಗಳು ಕಾಕಾ ತೀರಿಕೊಂಡರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟು, ಹಿಂದಿಯಲ್ಲಿ ಎರಡು ಮಾತಾಡಿ ಎಂದು ನನ್ನನ್ನು ಎಬ್ಬಿಸಿದರು. ಅವರು ಶಿಸ್ತಿನ ವ್ಯಕ್ತಿ, ಮಕ್ಕಳಿಗೆ ಸ್ಫೂರ್ತಿ ಎಂದು ಹೇಳಿ ಕೂತೆ. ಕೂತ ಮೇಲೆ ಮೈಯೆಲ್ಲ ಉರಿಯಿತು. ಶಿಸ್ತಿನ ವ್ಯಕ್ತಿಯಂತೆ! ನಾಲ್ಕು ವರ್ಷ ನನ್ನ ತಲೆ ಚಿಟ್ಟು ಹಿಡಿಸಿದ ಮನುಷ್ಯನ ಬಗ್ಗೆ ಹೇಳುವ ಮಾತೇ ಅದು? ನಾವಿಬ್ಬರೂ ಜಗಳವಾಡಿದ್ದು ಕನ್ನಡದಲ್ಲಿ, ರಾಜಿಯಾದದ್ದೂ ಕನ್ನಡದಲ್ಲಿ. ಅವರ ಲೆಕ್ಕ ಚುಕ್ತಾ ಮಾಡುವುದಿದ್ದರೆ ಕನ್ನಡದಲ್ಲೇ ಮಾಡಬೇಕು ಅನ್ನಿಸಿತು.

ನಾನು ಮೈಸೂರಿನವಳು. ಗಂಡನ ಸಂಶೋಧನಾ ಕೆಲಸದ ಹಿಂದೆ ನಾಗಪುರಕ್ಕೆ ಬಂದು, ಬಜಾಜ್ ನಗರದ ಒಂದು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಯಾರೋ ಎಲ್ಲೋ ಹೇಳಿದರೆಂದು ನಮ್ಮ ಪ್ರಿನ್ಸಿಪಾಲರು ರೋಬೋಟಿಕ್ಸ್ ಕ್ಲಬ್ ಶುರುಮಾಡಿ ನನ್ನ ಕೊರಳಿಗೆ ಕಟ್ಟಿದರು. ನನಗೆ ರೋಬೋಟ್ ಎಂದರೆ ಅಷ್ಟರಲ್ಲೇ ಇತ್ತು. ಮಕ್ಕಳು ಡ್ರಿಲ್ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತು "ಹುಷಾರು" ಎನ್ನುತ್ತಿದ್ದೆ.

ಕಾಕಾ ಮೊದಲ ಸಲ ಬಂದದ್ದು ಬೈಯಲು. ಶಾಲೆಯ ಹಿಂಗೋಡೆಗೆ ಅಂಟಿಕೊಂಡಂತೆ ಅವರ ಮನೆ. ಬಿಜಾಪುರದ ಕಡೆಯವರು. ನಾಲ್ಕಾರು ಊರಿನ ವಿದ್ಯುತ್ ಸ್ಥಾವರಗಳಲ್ಲಿ ಪಾಳಿ ಮಾಡಿ, ಕೊನೆಗೆ ಮೌದಾದಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿ ನಿವೃತ್ತರಾಗಿದ್ದರು. ಮೂರು ಪಾಳಿಯ ಚಾಕರಿಯಲ್ಲಿ ಕೈಬಿಟ್ಟುಹೋದ ನಿದ್ದೆಯನ್ನೆಲ್ಲ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ವಸೂಲಿ ಮಾಡುವುದು ಅವರ ಯೋಜನೆ. ನಮ್ಮ ಡ್ರಿಲ್ ಶುರುವಾಗುತ್ತಿದ್ದದ್ದು ಎರಡೂ ಕಾಲಿಗೆ. ಒಂದು ದಿನ ಪಟ್ಟೆ ಪೈಜಾಮ, ಬನಿಯನ್ನು, ತಲೆಯ ಮೇಲೆ ಒದ್ದೆ ಟವೆಲ್ಲು ಹೊತ್ತು ಪ್ರಯೋಗಾಲಯದ ಬಾಗಿಲಲ್ಲಿ ನಿಂತು "ಕೌನ್ ಹೈ ಇಧರ್ ಇನ್‌ಚಾರ್ಜ್?" ಎಂದು ಗುಡುಗಿದರು. ನಾನು "ಬಂತಪ್ಪ ಗ್ರಹಚಾರ" ಎಂದು ಮೆಲ್ಲಗೆ ಗೊಣಗಿದೆ.

"ಗ್ರಹಚಾರ ನಿಮಗಲ್ರಿ ಬಾಯಾರ, ನನಗ ಬಂದೈತಿ," ಎಂದರು ಆ ಮನುಷ್ಯ.

ಅವರ ಕಡೆ ಟೀಚರಮ್ಮನಿಗೆ ಬಾಯಾರ ಅನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಕನ್ನಡ ಸಿಕ್ಕಿದ ಖುಷಿಗೆ ಅವರು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ ಮೇಜಿನ ಮೇಲಿದ್ದ ರೋಬೋಟನ್ನು ನೋಡಿದರು. ಅದರ ಹೊಟ್ಟೆಯಿಂದ ಎಲ್ಲ ಬಣ್ಣದ ತಂತಿಗಳೂ ಹೊರಗೆ ಬಂದಿದ್ದವು.

"ಈ ವಾಯರಿಗೆ ಹೆಸರಿಲ್ಲೇನ್ರಿ?"

"ಇಲ್ಲ."

"ಹೆಸರಿಲ್ಲದ ವಾಯರು ಕೆಟ್ಟರ ಯಾರನ್ನ ಕರೀತೀರಿ?"

ಅಲ್ಲೇ ಸ್ಟೂಲು ಎಳೆದುಕೊಂಡು ಕೂತು ಕಾಗದದ ಚೀಟಿ ಹರಿದು ಒಂದೊಂದು ತಂತಿಗೂ ನಾಮಕರಣ ಮಾಡಿದರು. ಸಂಜೆ ಆರಾಯಿತು. ಮರುದಿನ ಎರಡಕ್ಕೆ ಸರಿಯಾಗಿ ಶರಟು ಹಾಕಿಕೊಂಡು ಬಂದರು. ಆ ಮನುಷ್ಯ ಮತ್ತೆ ಮಧ್ಯಾಹ್ನ ಮಲಗಿದ್ದನ್ನು ಯಾರೂ ನೋಡಲಿಲ್ಲ. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಒಂದು ಡಬ್ಬಿ ಶೇಂಗಾ ಹೋಳಿಗೆ ತಂದು ನನ್ನ ಕೈಗಿಟ್ಟು, "ಎಷ್ಟು ಪುಣ್ಯಾ ಬಂತವ್ವಾ ನಿನಗ, ಮನ್ಯಾಗ ಎರಡು ತಾಸು ಶಾಂತಿ ಐತಿ," ಎಂದು ಹರಸಿ ಹೋದರು.

ಕಾಕಾ ಯಾವ ಯಂತ್ರವನ್ನೂ ಕಣ್ಣಿನಿಂದ ನಂಬುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇರಿಂಗು ಸವೆದಿದ್ದರೆ ಹಾಗೆ ಗೊತ್ತಾಗುತ್ತದಂತೆ. ನಮ್ಮ ರೋಬೋಟಿನ ಮೋಟಾರುಗಳನ್ನು ಕೇಳಿದರು, ಸರಿ. ಶಾಲೆಯ ನೀರಿನ ಕೂಲರು ಕೇಳಿದರು, ನಮ್ಮ ಮನೆಗೆ ಚಹಾಕ್ಕೆ ಬಂದಾಗ ಮಿಕ್ಸಿ ಕೇಳಿದರು, ಫ್ರಿಜ್ಜು ಕೇಳಿದರು. ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು ಭಾಷಣ ಮಾಡುತ್ತಿರುವಾಗಲೇ ವೇದಿಕೆ ಹತ್ತಿ ಅವರ ಮುಂದಿನ ಮೈಕಿನ ಕಂಬಕ್ಕೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿ, "ದೋಷ ಇದರಾಗಿಲ್ಲ," ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ತೀರ್ಪು ಕೊಟ್ಟು ಇಳಿದರು. ನಕ್ಕವಳು ಇಡೀ ಸಭೆಯಲ್ಲಿ ನಾನೊಬ್ಬಳೇ. ಅದಕ್ಕೆ ನನಗೆ ನೋಟೀಸು ಬಂತು.

ಇದೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಅವರ ಚಾರ್ಜು.

ಸ್ಥಾವರದಲ್ಲಿ ಪಾಳಿ ಬದಲಾಗುವಾಗ ಹೋಗುವವನು ಬರುವವನಿಗೆ ಎಲ್ಲವನ್ನೂ ಒಪ್ಪಿಸಬೇಕಂತೆ. ಅದರಲ್ಲೂ ಕೆಟ್ಟದ್ದು ಮೊದಲು. ಯಾವ ಪಂಪು ನರಳುತ್ತಿದೆ, ಯಾವ ವಾಲ್ವು ಸೋರುತ್ತಿದೆ ಎಂದು ಹೇಳಿ, ರಿಜಿಸ್ಟರಿನಲ್ಲಿ ಬರೆದು, ಬಂದವನು "ಚಾರ್ಜ್ ಲಿಯಾ" ಎಂದು ಸಹಿ ಹಾಕುವವರೆಗೆ ಹಳಬ ಕುರ್ಚಿ ಬಿಡುವಂತಿಲ್ಲ, ಹೊಸಬ ಒಂದು ಬಟನ್ ಮುಟ್ಟುವಂತಿಲ್ಲ. ಕಾಕಾ ಈ ಕಾನೂನನ್ನು, ಒಂದು ರಿಜಿಸ್ಟರಿನ ಸಮೇತ, ನಮ್ಮ ಕ್ಲಬ್ಬಿಗೆ ತಂದರು. ಒಬ್ಬಳು ಇನ್ನೊಬ್ಬಳಿಗೆ ಸ್ಪ್ಯಾನರ್ ಕೊಡುವುದಿದ್ದರೂ "ಬಾಯಿ ಸ್ವಲ್ಪ ಸವೆದಿದೆ, ಚಾರ್ಜ್ ದಿಯಾ," "ಚಾರ್ಜ್ ಲಿಯಾ" ಆಗಬೇಕು. ಮಕ್ಕಳಿಗೆ ಇದು ಆಟವಾಯಿತು. ನನಗೆ ಪ್ರಾಣಸಂಕಟ. ಒಮ್ಮೆ ನನಗೆ ಫೋನು ಬಂತೆಂದು ಹೊರಗೆ ಹೋದರೆ, ತರಗತಿಯ ಚಾರ್ಜು ಯಾರಿಗೂ ಕೊಡದೆ ಹೋದಿರಿ ಎಂದು ಹುಬ್ಬು ಗಂಟಿಕ್ಕಿದರು.

ಮನೆಯಲ್ಲೂ ಅದೇ ಕಥೆ. ಕಾಕು ಸ್ನಾನಕ್ಕೆ ಹೊರಟರೆ ಕುಕ್ಕರ್ ಒಪ್ಪಿಸಿ ಹೋಗಬೇಕು: ಎರಡು ಸೀಟಿ ಆಗ್ಯಾವ, ಒಂದು ಉಳದೈತಿ. ಕಾಕು ಹೇಳುತ್ತಿದ್ದರು, "ನಮ್ಮ ಲಗ್ನದಾಗ ನಮ್ಮಪ್ಪ ಧಾರೆ ಎರದು ಕೊಟ್ಟಾಗ, ಇವರು ಸುಮ್ಮ ನಿಂದ್ರೋದು ಬಿಟ್ಟು ಚಾರ್ಜ್ ತಗೊಂಡೆ ಅಂದಾರ!"

"ಸುಳ್ಳ," ಎನ್ನುತ್ತಿದ್ದರು ಕಾಕಾ. "ಆವಾಗಿನ್ನೂ ನನಗ ನೌಕರೀನ ಹತ್ತಿರಲಿಲ್ಲ."

"ಕುಂದು ಏನೈತಿ ಅಂತ ನಮ್ಮಪ್ಪಗ ಕೇಳಿದ್ರಿ ಬ್ಯಾರೆ."

"ಕೇಳಿದ್ದೆ. ಏನೂ ಇಲ್ಲ ಅಂದ್ರು. ಅಲ್ಲೇ ಮೋಸಾತು."

ಇನ್ನು ಶಾಲೆಗಳ ನಡುವೆ ವರ್ಷವರ್ಷ ನಡೆಯುವ ರೋಬೋಟ್ ಸ್ಪರ್ಧೆಯ ವಿಷಯ ಹೇಳಬೇಕು. ಇದರಲ್ಲಿ ಒಂದು ತಂಡ ಒಂಟಿಯಾಗಿ ಆಡುವಂತಿಲ್ಲ. ಮೂರು ಶಾಲೆಯ ಮೂರು ರೋಬೋಟುಗಳು ಸೇರಿ ಒಂದು ಅಲೈಯನ್ಸ್, ಅಂದರೆ ಕೂಟ. ಆ ಕಡೆ ಇನ್ನೊಂದು ಮೂರು. ಆಟ ಎರಡೂವರೆ ನಿಮಿಷ. ನೆಲದ ಮೇಲಿನ ಚೆಂಡು ಎತ್ತಿ ಬುಟ್ಟಿಗೆ ಹಾಕಬೇಕು, ಎದುರಿನವರು ಹಾಕದಂತೆ ಅಡ್ಡ ನಿಲ್ಲಬೇಕು, ಕೊನೆಯಲ್ಲಿ ಮಧ್ಯದ ಕಬ್ಬಿಣದ ಕಂಬಿಗೆ ಕೊಕ್ಕೆ ಹಾಕಿ ರೋಬೋಟ್ ತನ್ನನ್ನು ತಾನೇ ನೆಲದಿಂದ ಎತ್ತಿಕೊಂಡು ನೇತಾಡಬೇಕು. ನೇತಾಡಿದರೆ ದೊಡ್ಡ ಅಂಕ. ಯಾರು ಚೆಂಡು, ಯಾರು ಅಡ್ಡ, ಯಾರು ಕಂಬಿ ಎಂಬುದನ್ನು ಮೂರೂ ತಂಡ ಮೊದಲೇ ಕೂತು ಒಪ್ಪಿಕೊಳ್ಳಬೇಕು. ಇಷ್ಟೇ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು; ಪ್ರತಿ ಶಾಲೆಗೂ ತನ್ನ ರೋಬೋಟೇ ಚೆಂಡು ಹಾಕಬೇಕು. ಮೊದಲ ವರ್ಷ ನಮ್ಮ ಕೂಟದ ಮೂರೂ ರೋಬೋಟುಗಳು ಒಂದೇ ಬುಟ್ಟಿಗೆ ನುಗ್ಗಿ, ಕೈಗೆ ಕೈ ಸಿಕ್ಕಿಹಾಕಿಕೊಂಡು ಎರಡು ನಿಮಿಷ ಅಪ್ಪಿಕೊಂಡು ನಿಂತವು. ಬಿಡಿಸಲು ನಾಲ್ಕು ಜನ ಬೇಕಾಯಿತು.

"ಒಪ್ಪಂದ ಹೆಂಗ ಆಗಬೇಕು? ಎಲ್ಲಾರೂ ತಮ್ಮ ಶಾಣ್ಯಾತನಾನ ಹೇಳಾಕತ್ತಾರ," ಎಂದರು ಕಾಕಾ. "ಯಾರ ಗಾಡಿ ಎಲ್ಲಿ ಕೆಡತೈತಿ ಅಂತ ಮೊದಲ ಹೇಳಿದ್ರ, ಕೆಲಸಾ ತಾವ ಹಂಚಿಕೊಂಡು ಹೋಗತಾವ."

ಅಂದಿನಿಂದ ಅವರು ಪ್ರತಿ ತಂಡದ ಹತ್ತಿರ ಹೋಗಿ ನಮಸ್ಕಾರ ಹಾಕಿ, ಕೇಳದಿದ್ದರೂ ನಮ್ಮ ರೋಬೋಟಿನ ಕುಂದುಗಳನ್ನು ಓದುತ್ತಿದ್ದರು. ಎಡಗಡೆಯ ಚಕ್ರ ಅಳುತ್ತದೆ, ತೋಳಿಗೆ ಆಗಾಗ ಮಂಕು ಹಿಡಿಯುತ್ತದೆ, ಬಲಕ್ಕೆ ತಿರುಗೆಂದರೆ ಯೋಚನೆ ಮಾಡುತ್ತದೆ. ಒಟ್ಟು ಹನ್ನೊಂದು. ನಂತರ ಸ್ಕ್ರೂಡ್ರೈವರ್ ಕಿವಿಗೇರಿಸಿ "ನಿಮ್ಮದು ಎಲ್ಲಿ ಕೆಡತೈತಿ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ನಾನು ನಾಚಿಕೆಯಿಂದ ಕಂಬದ ಹಿಂದೆ ನಿಲ್ಲುತ್ತಿದ್ದೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಗೊರಕೆಯ ವರದಿ ಕೊಡುವ ತಂದೆಯನ್ನು ಯಾರು ತಾನೇ ಕಂಡಿದ್ದಾರೆ? ನಮಗೆ ಯಾವ ಬಲವಾದ ತಂಡವೂ ಸಿಗಲಿಲ್ಲ.

ಕಳೆದ ವರ್ಷದ ಸ್ಪರ್ಧೆಯ ಮಾತಿಗೆ ಬರುತ್ತೇನೆ. ನಮ್ಮ ರೋಬೋಟನ್ನು ಆಡಿಸುತ್ತಿದ್ದವಳು ಶ್ರಾವ್ಯಾ, ಒಂಬತ್ತನೆಯ ತರಗತಿ. ಅಪ್ಪ ವಾಯುಸೇನೆಯಲ್ಲಿ. ಮನೆಮಾತು ಹಾಸನದ ಕನ್ನಡವಾದರೂ ಅರ್ಧ ವಾಕ್ಯಕ್ಕೆ ಹಿಂದಿಗೆ ಹಾರುವ ಹುಡುಗಿ. ಎರಡು ವರ್ಷದಿಂದ ಅವಳಿಗೆ ಒಂದೇ ಹುಚ್ಚು: ಕಂಬಿಗೆ ನೇತಾಡುವುದು. ಪ್ರಯೋಗಾಲಯದಲ್ಲಿ ಎಷ್ಟು ಸಲ ನೇತುಹಾಕಿದಳೋ. ಸ್ಪರ್ಧೆಯಲ್ಲಿ ಮಾತ್ರ ಒಂದು ಸಲವೂ ಆಗಲಿಲ್ಲ. ಒಮ್ಮೆ ಬ್ಯಾಟರಿ ಹೋಯಿತು, ಒಮ್ಮೆ ನಮ್ಮದೇ ಕೂಟದವರು ಗುದ್ದಿದರು, ಒಮ್ಮೆ ಸಮಯ ಸಾಲಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಅಸ್ಸಾಮಿನ ಜೋರ್ಹಾಟಿಗೆ ವರ್ಗವಾಯಿತು. ಅಲ್ಲಿನ ಶಾಲೆಯಲ್ಲಿ ರೋಬೋಟ್ ಇಲ್ಲ ಎಂದು ಅವಳೇ ಫೋನ್ ಮಾಡಿ ಕೇಳಿ ತಿಳಿದುಕೊಂಡಿದ್ದಳು. ಇದೇ ಅವಳ ಕೊನೆಯ ಸ್ಪರ್ಧೆ. "ಮ್ಯಾಮ್, ಒಂದ್ ಸಲ ಆಗ್ಲಿ, ಬಸ್. ಗೆಲ್ಲದಿದ್ರೂ ಚಲೇಗಾ," ಎಂದಿದ್ದಳು.

ಸ್ಪರ್ಧೆ ನಡೆದದ್ದು ಬುಟಿಬೋರಿ ರಸ್ತೆಯ ಒಂದು ದೊಡ್ಡ ಸಭಾಂಗಣದಲ್ಲಿ. ಮೊದಲ ಸುತ್ತುಗಳಲ್ಲಿ ನಾವು ಎಂದಿನಂತೆ ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿದ್ದೆವು. ಫೈನಲ್ ಸುತ್ತಿಗೆ ಮೇಲಿನ ತಂಡಗಳು ತಮಗೆ ಬೇಕಾದವರನ್ನು ಆರಿಸಿಕೊಳ್ಳುವ ಹೊತ್ತು ಬಂತು. ಎಲ್ಲರಿಗಿಂತ ಮೇಲಿದ್ದದ್ದು ಪುಣೆಯ ಒಂದು ಶಾಲೆ. ಮಕ್ಕಳೂ ಮಾಸ್ತರರೂ ಒಂದೇ ತರಹದ ನೀಲಿ ಜಾಕೀಟು. ಅವರು ಮೊದಲು ಅಮರಾವತಿಯ ತಂಡವನ್ನು ಕರೆದರು. ಆಮೇಲೆ ಮೈಕಿನಲ್ಲಿ ನಮ್ಮ ಶಾಲೆಯ ಹೆಸರು ಕೇಳಿಸಿತು.

ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ. ಕಾರಣ ಗೊತ್ತಾಗಿದ್ದು ಐದು ನಿಮಿಷ ಬಿಟ್ಟು. ಪುಣೆಯ ಮಾಸ್ತರರು, ಎತ್ತರದ, ನಯವಾದ ಮನುಷ್ಯ, ಟ್ಯಾಬ್ಲೆಟ್ ತೋರಿಸಿ ವಿವರಿಸಿದರು: ಅವರ ರೋಬೋಟ್ ಚೆಂಡನ್ನೂ ಹಾಕುತ್ತದೆ, ಕಂಬಿಗೂ ನೇತಾಡುತ್ತದೆ. ಅಮರಾವತಿಯದು ಎದುರಾಳಿಗೆ ಅಡ್ಡ ನಿಲ್ಲುತ್ತದೆ. ಮೂರನೆಯದು ಯಾರ ದಾರಿಗೂ ಬರಬಾರದು. ಕಾಕಾ ಓದಿದ ಹನ್ನೊಂದು ಕುಂದು ಕೇಳಿ ಅವರಿಗೆ ಬಹಳ ಭರವಸೆ ಬಂದಿತ್ತು. ಇಷ್ಟು ಕೆಟ್ಟ ರೋಬೋಟ್ ಮೂಲೆಯಲ್ಲಿ ನಿಂತರೆ ನಿಂತೇ ಇರುತ್ತದೆ!

ಶ್ರಾವ್ಯಾಳ ಮುಖ ಕೆಂಪಾಯಿತು. "ಕಾಕಾ, ಎರಡು ಸಾಲ್ ಪ್ರಾಕ್ಟೀಸ್ ಮಾಡಿದ್ದು ಕೋನೇ ಮೇ ನಿಂತ್ಕೊಳ್ಳೋಕೆ ಕ್ಯಾ?"

ಕಾಕಾರ ಕಿವಿ ಬೇರೆ ಮಾತಿಗೆ ನಿಂತಿತ್ತು. "ಮೂಲಿ ಅಂದ್ರ ಯಾವ ಮೂಲಿ?" ಎಂದು ಮಾಸ್ತರರನ್ನು ಹಿಂದಿಯಲ್ಲಿ ವಿಚಾರಿಸಿದರು. "ಮೈದಾನಕ್ಕ ನಾಲ್ಕು ಮೂಲಿ ಇರತಾವ."

ಮುಂದಿನ ಅರ್ಧ ಗಂಟೆ, ನನ್ನ ರೋಬೋಟು ಎಲ್ಲಿ ಏನೂ ಮಾಡದೆ ನಿಲ್ಲಬೇಕು ಎಂಬ ಬಗ್ಗೆ ಇಬ್ಬರು ಗಂಡಸರು ಹೋರಾಡುವುದನ್ನು ನೋಡಿದೆ. ಪಕ್ಕದಲ್ಲಿ ತರ್ರಿ ಪೋಹೆ, ನಾಗಪುರದ ಖಾರದ ಅವಲಕ್ಕಿ, ಆರಿ ಕಲ್ಲಾಯಿತು. ಬಾಯಿಮಾತಿನಲ್ಲಿ ಬಗೆಹರಿಯದು ಎಂದಾಗ ಕಾಕಾ ಅಣಕು ಕವಾಯತಿಗೆ ಹಟ ಹಿಡಿದರು. ಸ್ಥಾವರದಲ್ಲಿ ಬೆಂಕಿ ಬಿದ್ದಂತೆ ಆಡಿ ನೋಡುತ್ತಾರಲ್ಲ, ಹಾಗೆ. ಖಾಲಿ ಮೈದಾನದ ಮೇಲೆ ಮೂರು ತಂಡದ ಹಿರಿಯರೇ ರೋಬೋಟ್ ಆಗಬೇಕು! ಪುಣೆಯ ಮಾಸ್ತರರು ಜಾಕೀಟಿನ ಜಿಪ್ ಎಳೆದುಕೊಂಡು, ಮೊಣಕೈ ಮಡಚಿ, ಚೆಂಡು ಎತ್ತಿ ಬುಟ್ಟಿಗೆ ಹಾಕುತ್ತ ಓಡಾಡಿದರು. ಅಮರಾವತಿಯ ಸ್ಥೂಲಕಾಯದ ಮಾಸ್ತರರು ಯಾರೂ ಇಲ್ಲದ ಗಾಳಿಗೆ ಅಡ್ಡಗಟ್ಟಿದರು. ನಮ್ಮ ಕಾಕಾ ಮೂಲೆಯಲ್ಲಿ ಕೈಕಟ್ಟಿ ನಿಂತರು. ಯಾರೋ ಚಹಾ ತಂದುಕೊಟ್ಟರೆ ತುಟಿ ಅಲುಗಿಸದೆ, "ನಾ ಈಗ ಬಂದ್ ಅದೀನಿ," ಎಂದರು.

ಅಷ್ಟರಲ್ಲಿ ಪುಣೆಯ ಮಾಸ್ತರರ ಫೋನು ರಿಂಗಾಯಿತು. ಅವರು ಬುಟ್ಟಿಯ ಮುಂದೆ ನಿಂತು ಮಾತಾಡತೊಡಗಿದರು. ಕಾಕಾ ಮೂಲೆಯಿಂದಲೇ ಕೂಗಿದರು: "ನಿಮ್ಮ ಗಾಡಿ ಬಂದ್ ಆತು! ಈಗ ಚೆಂಡು ಯಾರ ಚಾರ್ಜು?"

ಯಾರೂ ಅದನ್ನು ಯೋಚಿಸಿರಲಿಲ್ಲ. ಕಾಕಾ ರಿಜಿಸ್ಟರಿನಲ್ಲಿ ಒಂದು ಕಲಮು ಬರೆದರು: ಯಾವುದೇ ರೋಬೋಟ್ ನಿಂತುಹೋದರೆ ಅದರ ಕೆಲಸ ಮೂಲೆಯ ರೋಬೋಟಿಗೆ, ಆದರೆ ನಿಂತವರು ಸಹಿ ಮಾಡಿ ಚಾರ್ಜು ಕೊಟ್ಟ ಮೇಲೆ ಮಾತ್ರ. ಕೊಡುವ ಮೊದಲೇ ಮುಟ್ಟಿದರೆ ಎರಡೂ ರೋಬೋಟ್ ಒಂದಕ್ಕೊಂದು ಗುದ್ದಿ ಸಾಯುತ್ತವೆ, ಮೊದಲ ವರ್ಷದ ಹಾಗೆ. ಪುಣೆಯವರು ನಗುತ್ತಲೇ ಸಹಿ ಹಾಕಿದರು, ಏಕೆಂದರೆ ಅವರ ರೋಬೋಟ್ ನಿಲ್ಲುವುದಿಲ್ಲ. ಕಾಕಾ ಮೂರು ಸಲ ಕೇಳಿದರು, ನಿಮ್ಮದು ಎಲ್ಲಿ ಕೆಡುತ್ತದೆ ಎಂದು. ಮೂರು ಸಲವೂ "ಕಹೀಂ ನಹೀಂ" ಎಂಬ ಉತ್ತರ ಬಂತು.

"ಬಾಯಾರ," ಎಂದರು ನನ್ನ ಹತ್ತಿರ ಬಂದು, "ಎಲ್ಲೂ ಕೆಡಂಗಿಲ್ಲ ಅನ್ನೋ ಮಷೀನ್ ನಾ ಒಂದೂ ನೋಡಿಲ್ಲ. ಅವರು ನಮಗ ಹೇಳವಲ್ಲರು."

ಶ್ರಾವ್ಯಾಳಿಗೂ ಸಹಿ ಹಾಕಲು ಹೇಳಿದರು. ಅವಳು ಎಷ್ಟು ಒತ್ತಿ ಬರೆದಳೆಂದರೆ ಪುಟ ಹರಿಯಿತು.

ಫೈನಲ್ಲಿನಲ್ಲಿ ಮೊದಲ ಒಂದೂವರೆ ನಿಮಿಷ ಎಲ್ಲ ಬರೋಬರ್ ನಡೆಯಿತು. ಪುಣೆಯ ರೋಬೋಟ್ ಚೆಂಡಿನ ಮೇಲೆ ಚೆಂಡು ಹಾಕಿತು. ನಾವು ಮೂಲೆಯಲ್ಲಿ ನಿಂತಿದ್ದೆವು, ಬಹಳ ಚೆನ್ನಾಗಿ. ಆಮೇಲೆ ಪುಣೆಯ ರೋಬೋಟ್ ಒಮ್ಮೆ ಎದುರಾಳಿಗೆ ತಾಗಿ ತಟ್ಟನೆ ನಿಂತುಬಿಟ್ಟಿತು. ದೀಪಗಳೆಲ್ಲ ಆರಿದವು. ಇನ್ನೂ ಒಂದು ನಿಮಿಷ ಇತ್ತು, ಕಂಬಿ ಖಾಲಿ ಇತ್ತು, ಯಾರಾದರೂ ನೇತಾಡಿದರೆ ನಾವು ಗೆಲ್ಲುತ್ತಿದ್ದೆವು.

ಆಡಿಸುವ ಮಕ್ಕಳ ಹಿಂದೆ ಪ್ರತಿ ತಂಡದ ಒಬ್ಬ ಹಿರಿಯರು ನಿಲ್ಲಬಹುದು. ನಮ್ಮ ಕಡೆಯಿಂದ ಕಾಕಾ ಇದ್ದರು. ಶ್ರಾವ್ಯಾಳ ಬೆರಳು ಜಾಯ್‌ಸ್ಟಿಕ್ಕಿಗೆ ಹೋಯಿತು. ಕಾಕಾ ತಮ್ಮ ಅಂಗೈಯನ್ನು ಅವಳ ಬೆರಳಿಗೂ ಅದಕ್ಕೂ ನಡುವೆ ಚಾಚಿ ಹಿಡಿದರು.

"ಚಾರ್ಜ್ ಬರಲಿ."

ಪುಣೆಯ ರೋಬೋಟ್ ಆಡಿಸುತ್ತಿದ್ದ ಹುಡುಗಿ ಕೊಡಲು ತಯಾರಿಲ್ಲ. "ಚಾಲೂ ಹೋ ಜಾಯೇಗಾ!" ಎಂದು ಬಟನ್ನುಗಳನ್ನು ಕುಟ್ಟುತ್ತಿದ್ದಳು. ಅವಳ ಮಾಸ್ತರರು "ಏಕ್ ಸೆಕೆಂಡ್, ಏಕ್ ಸೆಕೆಂಡ್" ಎನ್ನುತ್ತ ಹತ್ತು ಸೆಕೆಂಡ್ ಕಳೆದರು. ನಾನು ಪ್ರೇಕ್ಷಕರ ನಡುವಿನಿಂದ "ಹೋಗೇ! ಕಾಕಾ, ಬಿಡ್ರಿ ಅವಳನ್ನ!" ಎಂದು ಮೈಸೂರು, ಬಿಜಾಪುರ ಎರಡನ್ನೂ ಕಲಸಿ ಕಿರುಚಿದೆ. ಕಾಕಾ ಬಗಲಿನಿಂದ ರಿಜಿಸ್ಟರ್ ತೆಗೆದು ಮಾಸ್ತರರ ಮುಂದೆ ಹಿಡಿದರು. ಸಾವಿರ ಜನ ನೋಡುತ್ತಿರುವಾಗ ಆ ಮನುಷ್ಯ ಜೇಬು ತಡಕಿ ಪೆನ್ನು ತೆಗೆದರೆ ಅದು ಬರೆಯುತ್ತಿಲ್ಲ. ಕಾಕಾ ತಮ್ಮ ಪೆನ್ನು ಕೊಟ್ಟರು. ಕೊಡುವಾಗಲೂ, ದೇವರಾಣೆ, ಅದರ ಕ್ಯಾಪು ಸಡಿಲ ಎಂದು ಹೇಳಿದರು. ಸಹಿ ಬಿತ್ತು. ಅಂಗೈ ಸರಿಯಿತು.

ಉಳಿದದ್ದು ಹದಿನಾಲ್ಕು ಸೆಕೆಂಡು. ಹುಡುಗಿ ರೋಬೋಟನ್ನು ಓಡಿಸಿದ ಪರಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಲಕ್ಕೆ ತಿರುಗುವಾಗ ಅದು ಯೋಚನೆ ಮಾಡಲಿಲ್ಲ. ಕೊಕ್ಕೆ ಏರಿತು, ಕಂಬಿಯನ್ನು ಹಿಡಿಯಿತು, ತೋಳು ಮಡಚತೊಡಗಿತು. ಗಂಟೆ ಬಾರಿಸಿತು. ರೆಫರಿ ಮೊಣಕಾಲೂರಿ ಚಕ್ರದಡಿ ಕಾಗದ ತೂರಿಸಲು ನೋಡಿದ. ಕಾಗದ ಹೋಗಲಿಲ್ಲ.

ಸೋತೆವು. ಶ್ರಾವ್ಯಾ ಅಳಲಿಲ್ಲ. ರೋಬೋಟಿನ ಬ್ಯಾಟರಿ ಕಳಚಿ, ತಂತಿ ಸುತ್ತಿ, ಡಬ್ಬಿಗೆ ತುಂಬಿದಳು. ಅದನ್ನು ನೋಡಲಾರದೆ ನಾನು ಕಾಕಾರನ್ನು ಹಿಡಿದುಕೊಂಡೆ. "ನಿಮ್ಮ ರಿಜಿಸ್ಟರಿಗಿಷ್ಟು ಬೆಂಕಿ ಹಾಕ! ಎರಡು ವರ್ಷದಿಂದ ಆ ಮಗು ಕೇಳಿದ್ದು ಒಂದೇ ಒಂದು. ನಿಮಗೆ ಸಹಿ ಹೆಚ್ಚಾಯ್ತಾ?" ಹೀಗೆಲ್ಲ ಎಂದೆ. ಹಿರಿಯರಿಗೆ ಆಡಬಾರದ ಮಾತನ್ನೂ ಆಡಿದೆ. ಅವರು ಪುಣೆಯವರ ಮೇಲೆ ಹಾಕುತ್ತಾರೆಂದು ಕಾದೆ; ಹಾಕಿದ್ದರೆ ನಾನು ಒಪ್ಪುತ್ತಿದ್ದೆ.

"ತಪ್ಪು ನಂದ್ರಿ," ಎಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಕೈ ಮೊಣಕಾಲಿನ ಮೇಲೆ. "ಪ್ಲಾಂಟಿನಾಗ ಎಂಟು ತಾಸಿನ ಪಾಳಿ. ಒಂದು ಸಹಿಗೆ ಐದು ನಿಮಿಷ ಹೋದ್ರ ಏನೂ ಆಗಂಗಿಲ್ಲ. ಇಲ್ಲಿ ಎಲ್ಲಾ ಸೇರಿ ಎರಡೂವರಿ ನಿಮಿಷ. ನಾ ಎಂಟು ತಾಸಿನ ಮನಷ್ಯಾ ಬಾಯಾರ. ನನಗ ತಿಳೀಲಿಲ್ಲ."

ಬಹುಮಾನ ಹಂಚಿದ್ದಾಯಿತು, ಜನ ಖಾಲಿಯಾದರು. ಸಂಜೆ ಐದಾಗಿತ್ತು. ಸಾಮಾನು ಒಯ್ಯಲು ವ್ಯಾನು ಬರಲೆಂದು ನಾವು ಕಾಯುತ್ತಿದ್ದೆವು. ಕಾಕಾ ಎದ್ದು ಮೈದಾನದ ಕಡೆ ಹೋದರು. ಇಬ್ಬರು ಕೆಲಸಗಾರರು ಮೈದಾನ ಬಿಚ್ಚುತ್ತಿದ್ದರು. ಬುಟ್ಟಿಗಳು ಹೋಗಿದ್ದವು, ಕಂಬಿಯ ಕಾಲುಗಳನ್ನು ಆಗಲೇ ಬಿಚ್ಚಿ ಲಾರಿಗೆ ಹಾಕಿದ್ದರು. ಬರೀ ಕಂಬಿ ನೆಲದ ಮೇಲೆ ಬಿದ್ದಿತ್ತು. ಕಾಕಾ ಅವರ ಜೊತೆ ಏನೋ ಮಾತಾಡಿದರು. ಮತ್ತೆ ನಿಲ್ಲಿಸಲು ಆಗುವುದಿಲ್ಲ ಎಂದು ಅವರು ಕೈಯಾಡಿಸಿದರು, ಬೇಕಾದರೆ ಹತ್ತು ನಿಮಿಷ ಬಿಟ್ಟು ಒಯ್ಯುತ್ತೇವೆ ಎಂದರು.

ಕಾಕಾ ಬಗ್ಗಿ ಕಂಬಿಯ ಒಂದು ತುದಿ ಎತ್ತಿ ಭುಜದ ಮೇಲಿಟ್ಟುಕೊಂಡರು. "ಶ್ರಾವ್ಯಾ, ಗಾಡಿ ತಗೊಂಡು ಬಾ!"

ಇನ್ನೊಂದು ತುದಿ ನೆಲದಲ್ಲೇ ಇತ್ತು. ನಾನು ಓಡಬೇಕೆನ್ನುವಷ್ಟರಲ್ಲಿ ಪುಣೆಯ ಮಾಸ್ತರರು ಬ್ಯಾಗು ಹೆಗಲಿಗೇರಿಸಿಕೊಂಡು ಬಂದರು. ಕಾಕಾರ ಮುಂದೆ ತಲೆ ತಗ್ಗಿಸಿ ನಿಂತು, ಬ್ಯಾಟರಿಯ ವಯರು ಬೆಳಗಿನಿಂದಲೇ ಸಡಿಲವಿತ್ತು, ನಮಗೆ ಗೊತ್ತಿತ್ತು, ಹೇಳಲಿಲ್ಲ ಎಂದು ಹಿಂದಿಯಲ್ಲಿ ಒಪ್ಪಿಕೊಂಡರು. ನಾನು ಬಾಯಿ ತೆರೆದೆ. ಕಾಕಾ ನನಗಿಂತ ಮೊದಲು, "ಅಚ್ಛಾ. ಉಧರ್ ಸೇ ಪಕಡೋ," ಎಂದರು. ಆ ಮನುಷ್ಯ ಬ್ಯಾಗು ಇಳಿಸಿ ಇನ್ನೊಂದು ತುದಿಗೆ ನೀಲಿ ಜಾಕೀಟಿನ ಹೆಗಲು ಕೊಟ್ಟರು.

ಅವರು ಎತ್ತರ, ಕಾಕಾ ಗಿಡ್ಡ. ಕಂಬಿ ಓರೆಯಾಯಿತು. ಓರೆಯಾದರೆ ಕೊಕ್ಕೆ ಜಾರುತ್ತದೆ. ಶ್ರಾವ್ಯಾ ಬ್ಯಾಟರಿ ಸಿಕ್ಕಿಸುತ್ತ, "ಕಾಕಾ, ಥೋಡಾ ಮೇಲೆ! ಸರ್, ಆಪ್ ಝುಕೋ!" ಎಂದು ಇಬ್ಬರಿಗೂ ಹುಕುಂ ಮಾಡಿದಳು. ನಾನು ನಮ್ಮ ಸಾಮಾನಿನ ಡಬ್ಬಿ ತಂದು ಕಾಕಾರ ಕಾಲಡಿ ಇಟ್ಟೆ. ಎಪ್ಪತ್ತರ ಹತ್ತಿರದ ಮನುಷ್ಯ ಡಬ್ಬಿಯ ಮೇಲೆ ಹತ್ತಿ ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡು ನಿಂತರು.

ರೋಬೋಟ್ ಬಂತು. ಕೊಕ್ಕೆ ಏರಿ ಕಂಬಿಯನ್ನು ಹಿಡಿಯಿತು. ತೋಳು ಮಡಚಿತು. ಇಪ್ಪತ್ತು ಕಿಲೋ ಭಾರ ಒಮ್ಮೆಲೇ ಹೆಗಲಿಗೆ ಬಿದ್ದಾಗ ಪುಣೆಯವರು "ಅರೇ ಬಾಪ್" ಎಂದರು, ಕಾಕಾ ಕಣ್ಣು ಮುಚ್ಚಿದರು. ಚಕ್ರಗಳು ನೆಲ ಬಿಟ್ಟವು. ಒಂದು ಗೇಣು, ಎರಡು ಗೇಣು. ಅಳುವ ಎಡಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗಿತು. ಶ್ರಾವ್ಯಾ ಹತ್ತಿರ ಹೋಗಿ ಬಗ್ಗಿ, ರೋಬೋಟಿನ ಅಡಿಯಲ್ಲಿ ತನ್ನ ಕೈಯನ್ನು ಪೂರಾ ಆಚೆಗೆ ತೂರಿಸಿ ನೋಡಿದಳು. ಆಗ ಅವಳಿಗೆ ಅಳು ಬಂತು.

ನನಗೂ ಬಂತು, ನಗುವೂ ಬಂತು. ಇಂಥ ಅವಸ್ಥೆಯಲ್ಲಿ ಇಬ್ಬರು ಸಂಭಾವಿತರನ್ನು ನಾನು ನೋಡಿರಲಿಲ್ಲ.

"ಸಾಕಾತೇನವ್ವಾ?" ಎಂದರು ಕಾಕಾ. ಉಸಿರು ಎಳೆಯುತ್ತಿತ್ತು.

"ಇಲ್ಲ ಕಾಕಾ. ರುಕೋ."

"ಎಷ್ಟೊತ್ತು?"

"ಗೊತ್ತಿಲ್ಲ."

"ಆತು ತಗೋ," ಎಂದು ಕಾಕಾ ಕಂಬಿಯನ್ನು ಕುತ್ತಿಗೆಯ ಹತ್ತಿರಕ್ಕೆ ಸರಿಸಿಕೊಂಡರು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಕೆಲಸಗಾರರಿಬ್ಬರೂ ಬಂದು ನೋಡುತ್ತ ನಿಂತರು. ರೋಬೋಟ್ ಮೆಲ್ಲಗೆ ತೂಗುತ್ತಿತ್ತು, ಹುಡುಗಿ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದಳು, ಕಾಕಾ ಮತ್ತೆ ಕೇಳಲಿಲ್ಲ.